ಫುಟ್‌ಬಾಲ್ ಬಯಲಿನಲ್ಲಿ ನಾನಿಟ್ಟ ದೇವರು

ಆ ಮನುಷ್ಯನನ್ನು ನಾನು ಮೊದಲು ನೋಡಿದ್ದು ಗೋಮಾಳದ ಬಯಲಿನಲ್ಲಿ. ಬೆಳಗಿನ ಹೊತ್ತು, ಕಬ್ಬಿಗೆ ನೀರು ಕಟ್ಟಿ ಬದುವಿನ ಮೇಲೆ ಕೂತಿದ್ದೆ. ಅವನು ಬಯಲಿನ ನಡುವೆ ನಿಂತು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಪುಡಿ ಮಾಡಿ ನೋಡಿದ. ಆಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಸಮ ಹೆಜ್ಜೆ ಹಾಕಿಕೊಂಡು ನಡೆದ. ನಮ್ಮ ಕಡೆ ಮಣ್ಣು ಮುಟ್ಟಿ ನೋಡುವವರು ಇಬ್ಬರೇ. ಒಬ್ಬ ಬೆಳೆ ಇಡುವವನು, ಇನ್ನೊಬ್ಬ ಬಡಾವಣೆ ಮಾಡುವವನು. ಇವನ ಕಾಲಿನಲ್ಲಿ ಬಿಳಿ ಶೂ ಇತ್ತು. ಎರಡನೆಯವನೇ ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ನಮ್ಮೂರು ಪಾಂಡವಪುರಕ್ಕೆ ಅಂಟಿಕೊಂಡಿದೆ. ಹಿಂದೆ ಊರಿಗೂ ಪೇಟೆಗೂ ನಡುವೆ ಗದ್ದೆ ಬಯಲಿತ್ತು. ಈಗ ಅಲ್ಲಿ ಕಲ್ಯಾಣ ಮಂಟಪ, ಟೈರ್ ಅಂಗಡಿ, ಒಂದರ ಪಕ್ಕ ಒಂದು ಬಡಾವಣೆ. ಪೇಟೆ ಬೆಳೆದೂ ಬೆಳೆದೂ ನಮ್ಮ ಹಿತ್ತಲಿಗೆ ಬಂದು ನಿಂತಿದೆ. ಉಳಿದಿದ್ದು ಕ್ಯಾತನಹಳ್ಳಿ ರಸ್ತೆ ಕಡೆಯ ಗೋಮಾಳ ಒಂದೇ. ಅಲ್ಲಿ ದನ ಮೇಯಿಸುವವರು ಈಗ ಯಾರೂ ಇಲ್ಲ. ಸೀಮೆಹಸುಗಳು ಕೊಟ್ಟಿಗೆಯಲ್ಲೇ ನಿಂತು ಹಾಲು ಕೊಡುತ್ತವೆ. ಬಯಲಿನ ಪಡುವಣ ಮೂಲೆಯಲ್ಲಿ ಒಂದು ಬೇವಿನ ಮರವಿದೆ. ಮೂಡಣ ಪಕ್ಕಕ್ಕೆ ಉದ್ದಕ್ಕೂ ನನ್ನ ಕಬ್ಬಿನ ಗದ್ದೆ.

ಅವನು ಆವತ್ತು ಸೀದಾ ನನ್ನ ಹತ್ತಿರವೇ ಬಂದ. ಶ್ರೀರಂಗಪಟ್ಟಣದವನಂತೆ. ಬೆಂಗಳೂರಿನಲ್ಲಿ ಯಾವುದೋ ಇಲಾಖೆಯ ಟೀಮಿನಲ್ಲಿ ಬಹಳ ವರ್ಷ ಆಡಿದವನಂತೆ. ಮಂಡಿ ಹೋದ ಮೇಲೆ ಆಟ ಬಿಟ್ಟು ಆಟ ಕಲಿಸುವವನಾಗಿದ್ದ.

"ಯಜಮಾನ್ರೇ, ಇಲ್ಲೊಂದು ಫುಟ್‌ಬಾಲ್ ಕ್ಲಬ್ಬು ಮಾಡವಾ ಅಂತ ಬಂದಿವ್ನಿ" ಅಂದ.

"ಮಾಡಪ್ಪ. ಹೈಸ್ಕೂಲಲ್ಲಿ ಮಕ್ಕಳು ಆಡ್ತವಲ್ಲ."

"ಮಕ್ಕಳಾಟ ಅಲ್ಲ. ಲೀಗಿನ ಆಟ. ಮೇಲಿನ ಡಿವಿಷನ್ನು ಬೆಂಗಳೂರೋರ್ದು. ಕೆಳಗಿನ ಡಿವಿಷನ್ನಿಗೆ ನಮ್ಮಂಥ ಊರೋರೂ ಸೇರ್ಬೌದು. ಆಡೋರ್ಗೆ ತಿಂಗಳ ಸಂಬಳ. ಪಟ್ಟಣದವರು, ಕೆ.ಆರ್. ಪೇಟೆಯವರು, ನಾಗಮಂಗಲದವರು ಎಲ್ಲಾ ಸೇರಿ ಒಂದೇ ಟೀಮು. ಊರು ಪಾಂಡವಪುರ."

"ಚೆಂಡು ಒದ್ದೋರ್ಗೆ ಸಂಬಳ ಯಾರಪ್ಪ ಕೊಡ್ತಾರೆ?"

"ಟಿಕೆಟ್ಟು, ಅಂಗಡಿಯೋರ ಬೋರ್ಡು, ನಾಕು ಜನ ದೊಡ್ಡೋರು. ಆಯ್ತದೆ ಯಜಮಾನ್ರೇ. ಆದ್ರೆ ಊರಲ್ಲೇ ಒಂದು ಸ್ವಂತ ಮೈದಾನ ಇಲ್ದಿದ್ರೆ ಲೀಗ್ನೋರು ಸೇರಿಸ್ಕಳಲ್ಲ. ಅದಕ್ಕೇ ಈ ಬಯಲು ಕೇಳಿವ್ನಿ. ಇದು ಸಿಕ್ಕಿದ್ರೆ ಟೀಮು, ಸಿಗ್ದಿದ್ರೆ ಇಲ್ಲ."

ಅಷ್ಟು ನೇರವಾಗಿ ಹೇಳಿದ. ನೇರವಾಗಿ ಹೇಳಿದ್ದರಿಂದಲೇ ನನಗೆ ಗುಮಾನಿ ಹೆಚ್ಚಾಯಿತು. ಗುಟ್ಟಿಲ್ಲದವನು ಬಯಲಿಗೆ ಯಾಕೆ ಬರುತ್ತಾನೆ? ನಮ್ಮ ತಾಲ್ಲೂಕಿನಲ್ಲಿ ಹೀಗೆ ಎಷ್ಟು ಜನ ಬಂದುಹೋಗಿದ್ದಾರೆ. ಯೋಗದ ಕೇಂದ್ರ ಅಂತ ಬಂದವರು ಒಂದು ಚಾಪೆಯನ್ನೂ ಹಾಸದೆ ಸೈಟು ಮಾಡಿ ಮಾರಿ ಹೋದರು. ಶಾಲೆ ಅಂತ ಬಂದದ್ದು ಕಲ್ಯಾಣ ಮಂಟಪವಾಗಿ ನಿಂತಿದೆ. ಹೋಗಲಿ, ಕಬಡ್ಡಿ ಅಂದಿದ್ದರೆ ನಂಬುತ್ತಿದ್ದೆನೇನೋ. ವಾಲಿಬಾಲ್ ಅಂದಿದ್ದರೂ ಸರಿ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಫುಟ್‌ಬಾಲಿಗೆ ಟಿಕೆಟ್ಟು ತೆಗೆಯುವವನು ಯಾರು? ಚಹದಂಗಡಿಯಲ್ಲಿ ನಾನೇ ಮಾತು ಎತ್ತಿದೆ.

"ಫುಟ್‌ಬಾಲಂತೆ. ಚೆಂಡು ಮುಂದೆ, ಜೆಸಿಬಿ ಇಂದೆ."

ಎಲ್ಲರೂ ನಕ್ಕರು. ಹಾಲಿನ ಡೇರಿಯ ಕಾರ್ಯದರ್ಶಿ ಅಂದ, "ಅವ್ನು ಮಣ್ಣು ಮುಟ್ಟಿ ನೋಡ್ದ ಅಂತೀಯಲ್ಲಣ್ಣ, ಚೆಂಡು ಮಣ್ಣಲ್ಲಿ ಬೆಳೀತದಾ?" ನಾನು ಹೇಳಿದ್ದು ಸಂಜೆಯ ಹೊತ್ತಿಗೆ ಊರಿನ ಮಾತಾಯಿತು. ಊರಿನ ಮಾತಾದ ಮೇಲೆ ಅದು ನನಗೇ ಇನ್ನಷ್ಟು ನಿಜವಾಗಿ ಕಂಡಿತು.

ಆದರೆ ಕೋಚು ಸೋಲಲಿಲ್ಲ. ಪುರಸಭೆಯವರು ಒಂದು ಋತು ಆಡಿ ನೋಡಿ ಎಂದು ಬಾಯಿಮಾತಿನಲ್ಲಿ ಒಪ್ಪಿದರು. ಅವನು ಆಟಗಾರರನ್ನು ಕರೆತಂದ. ಬೆಳ್ಳೂರು ಕ್ರಾಸಿನಿಂದ ಮುಂಜಾನೆ ಬಸ್ಸು ಹತ್ತಿ ಬರುವವರು, ಮಾಕವಳ್ಳಿ ಕಡೆಯಿಂದ ಬೈಕಿನಲ್ಲಿ ಇಬ್ಬಿಬ್ಬರು ಬರುವವರು. ಅವರೇ ಪಾರ್ಥೇನಿಯಂ ಕಿತ್ತರು, ಕಲ್ಲು ಆಯ್ದರು, ಗುಂಡಿಗೆ ಕೆರೆಗೋಡು ಮಣ್ಣು ಹೊಡೆದು ಹುಲ್ಲು ನೆಟ್ಟರು. ನಾನು ಬದುವಿನ ಮೇಲೆ ಕೂತು ನೋಡುತ್ತಿದ್ದೆ. ಬಡಾವಣೆಗೂ ಮೊದಲು ನೆಲ ಸಮ ಮಾಡುತ್ತಾರೆ ಎಂದು ಮನಸ್ಸು ಹೇಳುತ್ತಿತ್ತು. ಕೋಚು ಮಾತ್ರ ದಿನಾ ನಮ್ಮ ಮನೆಯ ಜಗುಲಿಗೆ ಬಂದು ನೀರು ಕೇಳುತ್ತಿದ್ದ. ನನ್ನ ಹೆಂಡತಿ ಮಜ್ಜಿಗೆ ಕೊಡುತ್ತಿದ್ದಳು.

"ಅಮ್ಮಾ, ನಿಮ್ಮ ಯಜಮಾನ್ರು ದಿನಾ ಬಂದು ಕೂತ್ಕಂಡು ನೋಡ್ತಾರೆ. ನಮ್ ಮೊದ್ಲನೇ ಪ್ರೇಕ್ಷಕರು" ಅಂದ ಒಂದು ದಿನ.

ಅವಳು ನಕ್ಕಳು. ನಾನೂ ನಕ್ಕೆ.

ಈಗ ನಿಜ ಹೇಳಬೇಕು. ನಾನು ಗೋಮಾಳವನ್ನು ಕಾಯುತ್ತಿದ್ದೇನೆ ಎಂದು ಊರು ತಿಳಿದಿತ್ತು. ನಾನೂ ಹಾಗೇ ತಿಳಿಯಲು ಪ್ರಯತ್ನಿಸಿದ್ದೆ. ಆದರೆ ಗೋಮಾಳವನ್ನು ತಿಂದವನು ನಾನೇ. ಅಪ್ಪ ತೀರಿಕೊಂಡು ಬೇಸಾಯ ನನ್ನ ಕೈಗೆ ಬಂದ ಮೇಲೆ, ಉಳುವಾಗಲೆಲ್ಲ ಬಯಲಿನ ಕಡೆಗೆ ಒಂದು ಸಾಲು ಹೆಚ್ಚು ಉತ್ತೆ. ಒಂದು ಸಾಲನ್ನು ಯಾರೂ ಕೇಳುವುದಿಲ್ಲ. ಮುಂದಿನ ಸಲ ಇನ್ನೊಂದು ಸಾಲು. ಹೀಗೆ ವರ್ಷ ಉರುಳಿ ಹತ್ತು ಹನ್ನೆರಡು ಮಾರು ಅಗಲದ ಪಟ್ಟಿ ನನ್ನ ಕಬ್ಬಿನೊಳಗೆ ಸೇರಿತ್ತು. ಸರ್ವೆಯವರು ಗಡಿಗೆ ನೆಟ್ಟ ಹಳೆಯ ಬಾಂದು ಕಲ್ಲು ಈಗ ನನ್ನ ಗದ್ದೆಯ ಒಳಗೆ, ಸೋಗೆಯ ಮರೆಯಲ್ಲಿ ಇತ್ತು. ನೆತ್ತಿಯ ಮೇಲೆ ಗುಣಾಕಾರದ ಗುರುತು ಕೆತ್ತಿದ ಮೊಳದುದ್ದದ ಕಲ್ಲು. ಕ್ಲಬ್ಬಿಗೆ ಬಯಲು ಗಟ್ಟಿಯಾದರೆ ಪುರಸಭೆ ಅಳತೆ ಮಾಡಿಸದೆ ಬಿಡುತ್ತಿರಲಿಲ್ಲ. ಅಳತೆ ಆದರೆ ನನ್ನ ಪಟ್ಟಿ ಬಯಲಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಂಡವರ ಹೆಗಲನ್ನೆಲ್ಲ ತೋರಿಸಿದೆ.

ಲೀಗಿನವರು ಮೈದಾನ ನೋಡಲು ಬರುವ ಸುದ್ದಿ ತಿಳಿಯಿತು. ಆ ವಾರವೇ ನಮ್ಮ ದಾಯಾದಿಗಳ ಮನೆಯಲ್ಲಿ ಮದುವೆಯಾಗಿ ಬೀಗರೂಟ ಇಟ್ಟುಕೊಂಡಿದ್ದರು. ಬೀಗರೂಟ ಅಂದರೆ ನಮ್ಮಲ್ಲಿ ಹಟ್ಟಿಯಲ್ಲಿ ನಾಯಿಯೂ ಉಳಿಯುವುದಿಲ್ಲ. ನಾನು ಎರಡು ತುತ್ತು ಉಂಡು, ಹೊಟ್ಟೆ ಸರಿಯಿಲ್ಲ ಎಂದು ಎದ್ದು ಬಂದೆ. ಸುಡು ಮಧ್ಯಾಹ್ನ, ಬೆಳಗಿನ ಆಟದವರೂ ಹೋಗಿಯಾಗಿತ್ತು. ಹಾರೆ ಹಾಕಿ ಬಾಂದು ಕಲ್ಲನ್ನು ಮೀಟಿದೆ. ಟಿಲ್ಲರಿನ ಟ್ರೇಲರಿಗೆ ಉರುಳಿಸಿಕೊಂಡು ಬಯಲು ದಾಟಿ ಆ ಪಡುವಣ ಮೂಲೆಗೆ ಹೋದೆ. ಬೇವಿನ ಬುಡದಿಂದ ಒಂದಿಷ್ಟು ಈಚೆಗೆ, ಆಟದ ಗೆರೆಯ ಒಳಗೇ ಬರುವ ಹಾಗೆ ನೆಟ್ಟೆ. ನೆತ್ತಿಗೆ ಹರಳೆಣ್ಣೆ ಬಳಿದು, ಗುರುತು ಮುಚ್ಚುವಷ್ಟು ಅರಿಸಿನ ಕುಂಕುಮ ಮೆತ್ತಿದೆ. ಹಸಿರು ಬಳೆ ಮಡಗಿದೆ, ನಿಂಬೆಹಣ್ಣು ಕೊಯ್ದಿಟ್ಟೆ. ಮರಕ್ಕೆ ಹಳದಿ ಬಟ್ಟೆ ಕಟ್ಟಿದೆ. ನಕ್ಷೆಯಿದ್ದರೆ ಕಲ್ಲಿಲ್ಲದೆಯೂ ಗಡಿ ಹುಡುಕುತ್ತಾರೆ, ಅದು ನನಗೆ ಗೊತ್ತಿತ್ತು. ಅಳತೆಯೇ ಆಗಬಾರದು, ಅದಕ್ಕೆ ಕ್ಲಬ್ಬೇ ಬರಬಾರದು. ನಮ್ಮ ಸೀಮೆಯಲ್ಲಿ ಕೋರ್ಟಿನ ತಡೆಯಾಜ್ಞೆಯನ್ನಾದರೂ ದಾಟುತ್ತಾರೆ, ಕುಂಕುಮ ಬಿದ್ದ ಕಲ್ಲನ್ನು ಯಾರೂ ದಾಟುವುದಿಲ್ಲ.

ಆ ಕಲ್ಲಿನ ಬಗ್ಗೆ ನಾನು ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಮಾರನೆಯ ದಿನ ಹುಲ್ಲು ಕೊಯ್ಯಲು ಹೋದ ಹೆಂಗಸರು ನೋಡಿದರು. ಒಬ್ಬಳು ಇದು ತನ್ನ ಅಜ್ಜಿ ಹೇಳುತ್ತಿದ್ದ ಬಯಲಮ್ಮ ಅಂದಳು. ಇನ್ನೊಬ್ಬಳಿಗೆ ವಾರದಿಂದ ಕನಸು ಬೀಳುತ್ತಿತ್ತಂತೆ. ನೆಲ ಹದ ಮಾಡುವಾಗ ಆಟಗಾರರು ಗೊತ್ತಿಲ್ಲದೆ ಅಗೆದು ಎಬ್ಬಿಸಿದ್ದಾರೆ ಎಂದು ಮೂರನೆಯವಳು ಸೇರಿಸಿದಳು. ಶುಕ್ರವಾರ ನನ್ನ ಹೆಂಡತಿಯೂ ತಂಬಿಟ್ಟು ಮಾಡಿ ತಟ್ಟೆಯಲ್ಲಿಟ್ಟುಕೊಂಡು ಹೊರಟಳು.

"ನೀವೂ ಬನ್ನಿ, ಕೈ ಮುಗಿದು ಬರವಾ" ಅಂದಳು.

ಹೋದೆ. ಕೈ ಮುಗಿದೆ.

ಲೀಗಿನವರು ಬಂದು ನೋಡಿದರು. ಗೆರೆಯ ಒಳಗೆ ಕಲ್ಲಿದ್ದರೆ ಆಟ ಆಡಿಸುವ ಹಾಗಿಲ್ಲ, ಎರಡು ವಾರದಲ್ಲಿ ತೆಗೆಸಿದರೆ ಮತ್ತೆ ನೋಡೋಣ ಅಂದರು. ಆ ಸಂಜೆ ಕೋಚು ನಮ್ಮ ಜಗುಲಿಗೆ ಬಂದು ತಲೆ ಹಿಡಿದು ಕೂತ.

"ನಾನೂ ತೆಂಗಿನಕಾಯಿ ಒಡ್ದೆ ಯಜಮಾನ್ರೇ. ದೇವ್ರು ಬ್ಯಾಡ ಅಂತಿಲ್ಲ. ಶಾಸ್ತ್ರ ಮಾಡ್ಸಿ, ವಸಿ ಮರದ ಬುಡಕ್ಕೆ ಸರಿಸ್ಕಳವಾ ಅಂತೀನಿ. ಊರೋರ ಹತ್ರ ನೀವೊಂದು ಮಾತು ಆಡಿ. ನಿಮ್ ಮಾತು ನಡೀತದೆ."

ನಾನು ಅವನ ಮುಖ ನೋಡಿದೆ. ಆಗಲೂ ನನ್ನ ಮನಸ್ಸು ಏನು ಹೇಳಿತು ಗೊತ್ತೇ? ಇವನಿಗೆ ಯಾರೋ ಹೇಳಿದ್ದಾರೆ, ನನ್ನ ಬಾಯಿ ಬಿಡಿಸಲು ಬಂದಿದ್ದಾನೆ ಎಂದಿತು.

"ದೇವ್ರ ವಿಷ್ಯ ಕಣಪ್ಪ. ನಾನು ಬಾಯಿ ಹಾಕಲ್ಲ" ಅಂದೆ.

ಕಲ್ಲು ಸರಿಯಲಿಲ್ಲ. ಆ ವರ್ಷ ಲೀಗು ತಪ್ಪಬಾರದು ಎಂದು ಅವನು ಮೈಸೂರಿನಲ್ಲಿ ಯಾವುದೋ ಮೈದಾನವನ್ನು ಬಾಡಿಗೆಗೆ ಹಿಡಿದ. ಒಂದು ವರ್ಷದ ಮಟ್ಟಿಗೆ ಮಾತ್ರ ಎಂದು ಲೀಗಿನವರು ಒಪ್ಪಿದರಂತೆ. ಮುಂದಿನ ಋತುವಿಗೆ ಪಾಂಡವಪುರದಲ್ಲಿ ಮೈದಾನ ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರಂತೆ. ಬಯಲಿನಲ್ಲಿ ನೆಟ್ಟ ಹುಲ್ಲು ಒಣಗಿತು. ನಾನು ಜೆಸಿಬಿ ಬರುವುದನ್ನು ಕಾದೆ. ಅದು ಬಂದಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು. ಬರಲಿಲ್ಲ.

ಕಣ್ಣಿನ ಪೊರೆ ತೋರಿಸಲು ಮೈಸೂರಿಗೆ ಹೋದ ದಿನ, ಆ ಆಟ ನಡೆಯುತ್ತದೆಯೋ ಇಲ್ಲವೋ ನೋಡಿಯೇ ಬಿಡೋಣ ಎಂದು ವಿಚಾರಿಸಿಕೊಂಡು ಹೋದೆ. ಅವನನ್ನು ಸುಳ್ಳಿನಲ್ಲಿ ಹಿಡಿಯಲು ಹೋದೆ ಅಂದರೆ ಸರಿ. ಆಟ ನಡೆಯುತ್ತಿತ್ತು. ಅಂಗಿಯ ಬೆನ್ನಿಗೆ ಪಾಂಡವಪುರ ಎಂದು ಕನ್ನಡದಲ್ಲಿ ಬರೆಸಿದ್ದರು. ಮೆಟ್ಟಿಲ ಮೇಲೆ ಕಡಲೆಕಾಯಿ ತಿನ್ನುವ ಕೆಲವರು, ನೆರಳಿಗೆ ಬಂದು ಮಲಗಿದ ಆಟೋದವರು. ನಮ್ಮವರು ಗೋಲು ಹೊಡೆದಾಗ ಕೂಗುವವರು ಒಬ್ಬರೂ ಇರಲಿಲ್ಲ. ಗೋಲು ಹೊಡೆದವನು ಕೈ ಎತ್ತಿ ಮೆಟ್ಟಿಲ ಕಡೆ ಓಡಿ ಬಂದವನು ಅರ್ಧಕ್ಕೇ ನಿಂತುಬಿಟ್ಟ.

ಪಕ್ಕದವನು ಅಂದ, "ಇವ್ರದ್ದು ಯಾವೂರೋ ಏನೋ. ಊರಿಂದ ಓಡಿಸ್ಬುಟ್ಟವ್ರಂತೆ."

"ಯಾರು ಓಡಿಸಿದ್ರಂತೆ?" ಎಂದು ಕೇಳಿದೆ.

"ದೇವ್ರಂತೆ" ಎಂದು ನಕ್ಕು ಸಿಪ್ಪೆ ಊದಿದ.

ಮನೆಗೆ ಬಂದವನು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿದಳು. ಬಯ್ಯುತ್ತಾಳೆ ಅಂದುಕೊಂಡೆ.

"ಕಲ್ಲು ನೀವು ಇಟ್ರಿ. ಅದು ಅಲ್ಲಿಗೇ ಬರ್ಬೇಕು ಅಂತ ನಿಮ್ ತಲೇಲಿ ಇಟ್ಟೋರು ಯಾರು?" ಅಂದಳು.

"ನನ್ನ ಕಳ್ಳಬುದ್ಧಿ ಕಣೆ."

"ಅಂಗಂದು ಇನ್ನೂ ಪಾಪ ಕಟ್ಕಬ್ಯಾಡಿ. ಸುಮ್ನಿರಿ."

ಸುಮ್ಮನಿರಲಿಲ್ಲ. ಅರಳಿಕಟ್ಟೆಯ ಮೇಲೆ ಊರಿನ ಹಿರಿಯರು ಸೇರಿದಾಗ ಎದ್ದು ನಿಂತು ಹೇಳಿದೆ. ಅದು ಬಯಲಮ್ಮ ಅಲ್ಲ, ನನ್ನ ಗದ್ದೆಯ ಬಾಂದು ಕಲ್ಲು, ಕುಂಕುಮ ತೊಳೆದರೆ ನೆತ್ತಿಯ ಗುರುತು ಕಾಣುತ್ತದೆ ಎಂದೆ. ಡೇರಿ ಕಾರ್ಯದರ್ಶಿ ಮೆಲ್ಲಗೆ ಕೇಳಿದ.

"ಯಾರಣ್ಣ ಹೇಳ್ಕೊಟ್ಟೋರು?"

"ಯಾರೂ ಇಲ್ಲ ಕಣ್ಲಾ. ನಾನೇ ಇಟ್ಟೆ ಅಂತಿಲ್ವಾ?"

"ಮೈಸೂರಿಗೆ ಓಗಿದ್ಯಂತಲ್ಲ. ಫುಟ್‌ಬಾಲ್ನೋರ ಹತ್ರ ಕೂತಿದ್ಯಂತೆ. ಯಾವ ಕಡೆ ಸೈಟು ಕೊಡ್ತೀನಿ ಅಂದವ್ರೆ? ಮೂಲೆ ಸೈಟಾ?"

ಜನ ನಕ್ಕರು. ಒಂದು ಕಾಲಕ್ಕೆ ನಾನು ನಗಿಸಿದ ಹಾಗೆಯೇ ಅವನು ನಗಿಸಿದ. ನನ್ನ ವಾರಿಗೆಯವನೊಬ್ಬ, ಚಿಕ್ಕಂದಿನಿಂದ ಜೊತೆಯಲ್ಲಿ ದನ ಕಾಯ್ದವನು, ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ.

"ಲೇ, ಮನೆಗೆ ನಡಿ. ಅಮ್ಮನ್ ಇಷ್ಯದಲ್ಲಿ ಇಂಗೆಲ್ಲ ಆಡ್ಬ್ಯಾಡ."

"ಬಾ ಇವತ್ತೇ ತೊಳ್ದು ತೋರಿಸ್ತೀನಿ. ಗುರುತು ಇಲ್ದಿದ್ರೆ ಕೇಳು."

"ಗುರುತಿದ್ರೆ ಏನಾಯ್ತು? ಅಮ್ಮಂಗೆ ಗುರುತು ಇರ್ಬಾರ್ದು ಅಂತ ಎಲ್ಲೈತೆ?"

ನಾನು ಒಂದು ಕೊಡ ನೀರು ಹೊತ್ತುಕೊಂಡು ಬೇವಿನ ಮರದ ಹತ್ತಿರ ಹೋದೆ. ನನಗಿಂತ ಮೊದಲೇ ಹೆಂಗಸರು ಹೋಗಿ ಕಲ್ಲಿನ ಸುತ್ತ ನಿಂತಿದ್ದರು. ಮುಂದೆ ನನ್ನ ಹೆಂಡತಿ ನಿಂತಿದ್ದಳು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವಳು ಅಂದುಕೊಂಡಿರಲಿಲ್ಲ. ನಾನು ಹೇಳುತ್ತಿರುವುದು ನಿಜವೆಂದು ಇಡೀ ಊರಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಆದರೂ ನಿಂತಿದ್ದಳು. ನೀರನ್ನು ಬೇವಿನ ಬುಡಕ್ಕೆ ಸುರಿದು ಹಿಂದಿರುಗಿದೆ.

ಕಲ್ಲು ಕದಲದಿದ್ದರೆ ಮೈದಾನ ಕದಲಬೇಕು. ಅದು ಗೊತ್ತಾಗಲು ನನಗೆ ಎರಡು ದಿನ ಹಿಡಿಯಿತು, ಯಾಕೆಂದರೆ ಅದು ಗೊತ್ತಾಗುವುದು ನನಗೇ ಬೇಕಿರಲಿಲ್ಲ. ನಾನು ತಿಂದ ಪಟ್ಟಿಯನ್ನು ಬಿಟ್ಟರೆ ಆಟದ ಗೆರೆಗಳನ್ನೆಲ್ಲ ಮೂಡಲಿಗೆ ಸರಿಸಬಹುದು. ಕಲ್ಲು ಗೆರೆಯ ಹೊರಗೆ, ಮರದ ಪಕ್ಕಕ್ಕೆ, ತನ್ನ ಪಾಡಿಗೆ ಇರಬಹುದು.

ಶ್ರೀರಂಗಪಟ್ಟಣಕ್ಕೆ ಹೋಗಿ ಕೋಚಿನ ಮನೆ ಹುಡುಕಿದೆ. ಅವನು ಹಳೆಯ ಬೂಟುಗಳಿಗೆ ದಾರ ಹಾಕುತ್ತಿದ್ದ. ಒಳಗೆ ಕರೆದ. ನಾನು ಬಾಗಿಲಲ್ಲೇ ನಿಂತು ಹೇಳಿದೆ, ಪಟ್ಟಿಯ ವಿಷಯ, ಕಲ್ಲಿನ ವಿಷಯ, ಆವತ್ತು ಜಗುಲಿಯ ಮೇಲೆ ನಾನು ಕೊಟ್ಟ ಉತ್ತರದ ವಿಷಯ. ಅವನು ದಾರ ಎಳೆಯುವುದನ್ನು ನಿಲ್ಲಿಸಲಿಲ್ಲ.

ಕೊನೆಗೆ ಕೇಳಿದ, "ಇನ್ನೇನಾದ್ರೂ ಐತಾ?"

"ಇಲ್ಲ. ಇಷ್ಟೇ."

"ನಾನು ದಿನಾ ಬಂದು ಮಜ್ಜಿಗೆ ಕುಡೀತಿದ್ನಲ್ಲ, ಆವಾಗ್ಲೂ ಇದೇ ತಲೇಲಿತ್ತಾ?"

"ಇತ್ತು."

"ಮಾಕವಳ್ಳಿಯಿಂದ ಒಬ್ಬ ಗೋಲ್‌ಕೀಪರ್ ಬತ್ತಿದ್ದ. ಮೈಸೂರಿಗೆ ಎಲ್ಡೆಲ್ಡು ಬಸ್ಸು ಅಂತ ಬುಟ್ಬುಟ್ಟ. ಅಂಥ ಕೈ ನಾನು ಇನ್ನೊಂದು ಕಂಡಿಲ್ಲ." ಅಷ್ಟು ಹೇಳಿ ಬೂಟನ್ನು ಪಕ್ಕಕ್ಕಿಟ್ಟ. "ಪಟ್ಟಿ ಬುಡ್ತೀನಿ ಅಂತೀರಿ. ನಿಮ್ ಮಾತಿನ ಮೇಲೆ ನಾನು ಒಂದು ಗೂಟಾನೂ ಹೊಡ್ಯಲ್ಲ. ಸರ್ವೆ ಮಾಡಿಸ್ತೀನಿ."

"ಮಾಡಿಸಪ್ಪ. ಅದಕ್ಕೇ ಬಂದಿದ್ದು."

ಕಬ್ಬು ಇನ್ನೂ ಹದಕ್ಕೆ ಬಂದಿರಲಿಲ್ಲ. ಕಾರ್ಖಾನೆಯ ಕಟಾವಿಗೆ ಕಾಯದೆ ಪಟ್ಟಿಯಷ್ಟನ್ನು ಕಡಿಸಿ ದನಗಳಿಗೆ ಹಾಕಿದೆ. ಅದಕ್ಕೂ ಊರು ಅರ್ಥ ಹುಡುಕಿತು. ಎಳೆ ಕಬ್ಬು ಕಡಿಯುತ್ತಿದ್ದಾನೆ ಅಂದರೆ ಗದ್ದೆ ಮಾರಿರಬೇಕು ಅಂದರು. ಬಯಲಮ್ಮ ಶಿಕ್ಷೆ ಕೊಟ್ಟಳು ಅಂದವರೂ ಇದ್ದರು.

ಸರ್ವೆಯವರು ನಕ್ಷೆ ಹಿಡಿದು ಬಂದ ದಿನ ಕೋಚು ನನಗಿಂತ ಮೊದಲೇ ಅಲ್ಲಿದ್ದ. ಸರಪಳಿ ಎಲ್ಲಿ ಬಿದ್ದರೂ ಬಗ್ಗಿ ನೋಡುತ್ತಿದ್ದ. ಹೊಸ ಬಾಂದು ಕಲ್ಲಿಗೆ ಗುಂಡಿ ತೋಡುವ ಹೊತ್ತಿಗೆ ನಾನು ಅಂದೆ, "ಇನ್ನೊಂದು ಮಾರು ನನ್ನ ಕಡೆಗೇ ಹಾಕ್ರಪ್ಪ. ಆಟ ನೋಡೋರು ನಿಂತ್ಕಳಕ್ಕೆ ಜಾಗ ಆಯ್ತದೆ."

ಸರ್ವೆಯವನು ಕೋಚಿನ ಮುಖ ನೋಡಿದ. ಕೋಚು ನನ್ನನ್ನು ನೋಡಿದ.

"ಯಾಕೆ ಕೊಡ್ತೀರಿ?"

"ಸುಮ್ನೆ. ತಪ್ಪು ಮಾಡಿವ್ನಲ್ಲ."

"ಬ್ಯಾಡಿ ಯಜಮಾನ್ರೇ. ಇವತ್ತು ಕೊಟ್ಟದ್ದು ನಾಳೆ ಏನಾಗಿ ಬತ್ತದೋ. ನಕ್ಷೆ ಎಲ್ಲಿ ಹೇಳ್ತದೋ ಅಲ್ಲೇ ಬೀಳ್ಲಿ. ಒಂದು ಗೇಣು ಇತ್ಲಾಗೂ ಬ್ಯಾಡ, ಅತ್ಲಾಗೂ ಬ್ಯಾಡ."

ಕಲ್ಲು ಅಲ್ಲೇ ಬಿತ್ತು. ಅವನು ಅದನ್ನು ಕಾಲಿನಿಂದ ನೂಕಿ ಅಲುಗುತ್ತದೆಯೋ ಎಂದು ನೋಡಿದ. ಆಮೇಲೆ ನಾಲ್ಕೂ ದಿಕ್ಕಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

ಲೀಗಿನವರು ಮತ್ತೆ ಬಂದು ನೋಡಿ ಒಪ್ಪಿದರು. ಈ ಋತುವಿನ ಮೊದಲ ಪಂದ್ಯ ನಮ್ಮ ಬಯಲಿನಲ್ಲೇ ನಡೆಯಿತು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಬಂದಿದ್ದರು. ನಾಗಮಂಗಲದಿಂದ ಟೆಂಪೋ ಮಾಡಿಕೊಂಡು ಬಂದವರಿದ್ದರು. ನಮ್ಮೂರ ಹೆಂಗಸರು ಬೇವಿನ ಕೆಳಗೆ ಪೂಜೆ ಮುಗಿಸಿ ಅಲ್ಲೇ ಕೂತು ನೋಡಿದರು. ಡೇರಿ ಕಾರ್ಯದರ್ಶಿ ಎಲ್ಲರಿಗಿಂತ ಜೋರಾಗಿ ಕೂಗಿದ. ನಾನು ನನ್ನ ಗದ್ದೆಯ ಬದುವಿನ ಮೇಲೆ ಒಬ್ಬನೇ ಕೂತಿದ್ದೆ.

ಒಮ್ಮೆ ಚೆಂಡು ಗೆರೆ ದಾಟಿ, ಬದು ಹಾರಿ ಕಬ್ಬಿನೊಳಗೆ ಹೋಯಿತು. ಆಟಗಾರನೊಬ್ಬ ಹಿಂದೆಯೇ ಓಡಿ ಬಂದು ಬದು ಹತ್ತಿದ. ಆ ಕಡೆಯಿಂದ ಕೋಚು ಕೂಗಿದ, "ಲೇ, ಇಳಿಬ್ಯಾಡ ಕಣ್ಲಾ. ಅದು ಅವ್ರ ಗದ್ದೆ. ಅವ್ರೇ ಎತ್ಕೊಡ್ಲಿ."

ನಾನು ಸೋಗೆ ಸರಿಸಿಕೊಂಡು ಒಳಗೆ ಹೋಗಿ ಹುಡುಕಿ ತಂದೆ. ಆಟಗಾರ ಎರಡೂ ಕೈ ಚಾಚಿ ಇಸಿದುಕೊಂಡ. ಕೋಚು ಗೆರೆಯ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ನಾನು ತಿರುಗಿ ಬದುವಿನ ಮೇಲೆ ಕೂರುವವರೆಗೂ ನೋಡುತ್ತಿದ್ದ. ಆಮೇಲೆ ಆಟದ ಕಡೆ ತಿರುಗಿದ.